ಮೆಚ್ಚಿದ ಚಿತ್ರವನ್ನು ಟೀಕಿಸಿದರೆ ನಮಗೇಕೆ ನೋವಾಗುತ್ತದೆ?

ಪ್ರಶ್ನೆ: ನನ್ನ ನೆಚ್ಚಿನ ನಟರ ಹೊಸ ಚಿತ್ರದ ದ್ವಿತೀಯಾರ್ಧವನ್ನು ಸುಮ್ಮನೆ ಎಳೆದಿದ್ದಾರೆ ಎಂದು ತಂಗಿ ಊಟದ ನಡುವೆ ಹೇಳಿದಾಗ, ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು ಎದ್ದುಬಿಟ್ಟೆ. ನನ್ನನ್ನು ಅವಳು ಏನೂ ಅಂದಿರಲಿಲ್ಲ. ಆದರೂ ಇಷ್ಟೊಂದು ನೋವೇಕೆ?

ಉತ್ತರ 1: ‘ಅಭಿಮಾನ’ ಎಂಬ ಪದದಲ್ಲಿ ಮೆಚ್ಚುಗೆಯ ಜೊತೆಗೆ ‘ನನ್ನದು’ ಎಂಬ ಭಾವವೂ ಇದೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದಾಗ ವಿದ್ಯಾರ್ಥಿಗಳು ‘ನಾವು’ ಎಂದು ಹೇಳುವುದು ಹೆಚ್ಚು, ಸೋತಾಗ ಕಡಿಮೆ. ಮೆಚ್ಚಿದವರ ಗೆಲುವನ್ನು ಹೀಗೆ ನಮ್ಮದಾಗಿಸಿಕೊಂಡ ಮೇಲೆ, ಅವರ ಮೇಲಿನ ಟೀಕೆಯೂ ನಮ್ಮ ಮೇಲಿನದೇ ಎನಿಸುತ್ತದೆ.

ಉತ್ತರ 2: ಹಾಗಾದರೆ ತಂಡ ಸೋತಾಗ ದೂರ ಸರಿದಂತೆ ಟೀಕೆ ಬಂದಾಗಲೂ ಅಭಿಮಾನಿ ದೂರ ಸರಿಯಬೇಕಿತ್ತಲ್ಲವೇ? ಸರಿಯದಿರುವುದಕ್ಕೆ ಕಾರಣ ಬಾಂಧವ್ಯ ಎಂದು ನನಗನಿಸುತ್ತದೆ. ತೆರೆಯ ಮೇಲಿನ ವ್ಯಕ್ತಿಯೊಂದಿಗೆ ಪ್ರೇಕ್ಷಕರಿಗೆ ಬೆಳೆಯುವ ಏಕಮುಖ ಆಪ್ತತೆಯನ್ನು ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ವಿವರಿಸಿದ್ದರು. ನಮ್ಮಲ್ಲಂತೂ ಡಾ. ರಾಜ್‌ಕುಮಾರ್ ಅವರು ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳೇ’ ಎಂದು ಕರೆದ ಮೇಲೆ, ಆ ನಂಟು ಒಂದೇ ಕಡೆಯದೆಂದು ಯಾರಿಗೂ ಅನಿಸಲಿಲ್ಲ. ಮನೆಯವರನ್ನು ಯಾರಾದರೂ ಆಡಿಕೊಂಡರೆ ನಾವು ಸರಿ ತಪ್ಪು ತೂಗುತ್ತ ಕೂರುವುದಿಲ್ಲ.

ಪ್ರಶ್ನೆ ಕೇಳಿದವರು: ನಿಮ್ಮ ಮಾತು ನಿಜ. ಆ ನಟರ ಚಿತ್ರಗಳನ್ನು ನಾನು ಅಪ್ಪನ ಪಕ್ಕದಲ್ಲಿ ಕುಳಿತು ನೋಡುತ್ತ ಬೆಳೆದವಳು, ಅಪ್ಪ ಈಗಿಲ್ಲ. ದ್ವಿತೀಯಾರ್ಧ ಎಳೆದಂತಿರುವುದು ನನಗೂ ಗೊತ್ತಿತ್ತು. ಇಂದು ರಾತ್ರಿ ತಂಗಿಗೆ ಎರಡನ್ನೂ ಹೇಳುತ್ತೇನೆ.