ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಹನ್ನೆರಡು ದಿನಗಳಿವೆ; ಮತ್ತೆ ಎಚ್ಚರವಾಗದಿದ್ದರೆ ಎಂಬ ಭಯ ಬಿಡುತ್ತಿಲ್ಲ

ಶಿಡ್ಲಘಟ್ಟದ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ವಯಸ್ಸು 47. ಆರು ತಿಂಗಳಿನಿಂದ ಕರಿದ ಪದಾರ್ಥ ತಿಂದ ರಾತ್ರಿಗಳಲ್ಲಿ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ಬೆನ್ನಿನವರೆಗೂ ಹರಿಯುವ ನೋವು ಬರುತ್ತಿತ್ತು. ಗ್ಯಾಸ್ ಇರಬೇಕೆಂದು ಮಾತ್ರೆ ನುಂಗಿ ಸುಮ್ಮನಿದ್ದೆ. ಕಳೆದ ತಿಂಗಳು ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಹಲವು ಕಲ್ಲುಗಳಿರುವುದು ತಿಳಿಯಿತು. ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್) ಮೂಲಕ ಪಿತ್ತಕೋಶವನ್ನೇ ತೆಗೆಯಬೇಕೆಂದು ವೈದ್ಯರು ಹೇಳಿ, ಚಿಕ್ಕಬಳ್ಳಾಪುರದಲ್ಲಿ ದಿನಾಂಕವನ್ನೂ ಕೊಟ್ಟಿದ್ದಾರೆ. ಇನ್ನು ಹನ್ನೆರಡು ದಿನಗಳಿವೆ.

ನನ್ನ ಭಯ ಕೊಯ್ಯುವುದರ ಬಗ್ಗೆ ಅಲ್ಲ, ಪ್ರಜ್ಞೆ ತಪ್ಪಿಸುವುದರ ಬಗ್ಗೆ. ನಾನು ಮೂರನೇ ತರಗತಿಯಲ್ಲಿದ್ದಾಗ, 1989ರಲ್ಲಿ, ನನ್ನ ತಾಯಿಯ ಅಕ್ಕ ಆಪರೇಷನ್‌ಗೆಂದು ಹೋದವರು ಮನೆಗೆ ಹಿಂದಿರುಗಲಿಲ್ಲ. ಏನಾಯಿತೆಂದು ಮಕ್ಕಳಾದ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. "ಆಪರೇಷನ್‌ಗೆ ಹೋದವಳು ಏಳಲೇ ಇಲ್ಲ" ಎಂಬ ಒಂದು ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಈಗ ದೀಪ ಆರಿಸಿ ಮಲಗಿದ ಕೂಡಲೇ ಮೂಗಿನ ಮೇಲೆ ಯಾರೋ ಮಾಸ್ಕ್ ಒತ್ತಿದಂತೆ ಅನಿಸಿ ಎದ್ದು ಕೂರುತ್ತೇನೆ. ನಡುವೆಯೇ ಎಚ್ಚರವಾಗಿ, ಕೂಗಲು ಬಾಯಿ ಬಾರದಿದ್ದರೆ ಎಂಬ ಯೋಚನೆಯೂ ಕಾಡುತ್ತದೆ.

ಮನೆಯಲ್ಲಿ ಇದನ್ನು ಹೇಳಿಕೊಳ್ಳಲು ಆಗುತ್ತಿಲ್ಲ. ಯಜಮಾನರಿಗೆ ರೇಷ್ಮೆ ಹುಳು ಸಾಕುವ ಹುಳುಮನೆಯ ಕೆಲಸ. ನನ್ನ ದಿನಾಂಕ ಬರುವ ಹೊತ್ತಿಗೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತವನ್ನು ನಾವು ಹಾಗೆನ್ನುತ್ತೇವೆ) ಎದ್ದು ಸೊಪ್ಪಿಗೆ ಬಾಯ್ಬಿಡುವ ಸಮಯ. ಅತ್ತೆಯವರಿಗೆ ನಾನು ಮಾಂಗಲ್ಯ ತೆಗೆಯಬೇಕಾಗುತ್ತದೆ ಎಂಬುದೇ ದೊಡ್ಡ ಸಂಕಟವಾಗಿದೆ. ಅವರೆದುರು ನಾನು ಧೈರ್ಯವಾಗಿದ್ದಂತೆ ನಡೆದುಕೊಳ್ಳುತ್ತಿದ್ದೇನೆ.

ಅಂದು ಏನೇನು, ಯಾವ ಕ್ರಮದಲ್ಲಿ ನಡೆಯುತ್ತದೆ ಎಂದು ತಿಳಿದವರು ವಿವರವಾಗಿ ಬರೆಯುವಿರಾ? "ಭಯಪಡಬೇಡಿ" ಎಂಬ ಮಾತು ಬೇಕಾದಷ್ಟು ಕೇಳಿದ್ದೇನೆ. ಭಯವಾಗುತ್ತಿದೆ ಎಂದು ವೈದ್ಯರಿಗೆ ಹೇಳಿಕೊಂಡರೆ ಅವರು ಏನೆಂದುಕೊಳ್ಳುತ್ತಾರೆ ಎಂಬುದನ್ನೂ ತಿಳಿಸಿ.

ನಿವೃತ್ತ ಶುಶ್ರೂಷಕಿ, ಕೋಲಾರ

ಮೇಡಂ, ನಾನು 31 ವರ್ಷ ಶುಶ್ರೂಷಕಿಯಾಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಆಪರೇಷನ್ ಥಿಯೇಟರ್‌ನಲ್ಲೇ ಕಳೆದಿದ್ದೇನೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಆದರೆ ಕ್ರಮ ಬಹುತೇಕ ಒಂದೇ.

ಹಿಂದಿನ ದಿನ ವಾರ್ಡಿಗೆ ಸೇರಿಸಿಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅದರಲ್ಲಿ ಆಗಬಹುದಾದ ತೊಂದರೆಗಳ ಪಟ್ಟಿ ಇರುತ್ತದೆ. ಅದನ್ನು ಓದಿ ಗಾಬರಿಯಾದವರನ್ನು ನೂರಾರು ಮಂದಿಯನ್ನು ಕಂಡಿದ್ದೇನೆ. ಆ ಪಟ್ಟಿ ಎಲ್ಲರಿಗೂ ಒಂದೇ, ನಿಮಗಾಗಿ ಬರೆದದ್ದಲ್ಲ. ಅದರಲ್ಲಿ "ಅಗತ್ಯಬಿದ್ದರೆ ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ" ಎಂಬ ಸಾಲೂ ಇರಬಹುದು. ಒಳಗೆ ಅಂಟಿಕೊಂಡಿದ್ದು ಸ್ಪಷ್ಟವಾಗಿ ಕಾಣದಿದ್ದಾಗ ಸರ್ಜನ್ ಸುರಕ್ಷತೆಗಾಗಿ ತೆಗೆದುಕೊಳ್ಳುವ ನಿರ್ಧಾರ ಅದು. ಸಹಿ ಹಾಕುವ ಮುನ್ನ ಅದರ ಬಗ್ಗೆ ಕೇಳಿ ತಿಳಿದುಕೊಳ್ಳಿ.

ಮಾಂಗಲ್ಯದ ವಿಷಯ. ಥಿಯೇಟರ್‌ನಲ್ಲಿ ರಕ್ತಸ್ರಾವ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಕಾಟರಿ ಎಂಬ ಉಪಕರಣವನ್ನು ಬಳಸುತ್ತಾರೆ; ಮೈಮೇಲೆ ಲೋಹವಿದ್ದರೆ ಆ ಜಾಗದಲ್ಲಿ ಚರ್ಮ ಸುಡುವ ಸಂಭವವಿರುವುದರಿಂದ ಒಡವೆ ತೆಗೆಸುತ್ತಾರೆ. ಬಹಳ ಮಂದಿ ಹಿರಿಯರು ತಮ್ಮ ಕೈಯಾರೆ ಮಾಂಗಲ್ಯ ತೆಗೆದಿಟ್ಟುಕೊಂಡು, ಅರಿಶಿನ ಹಚ್ಚಿದ ದಾರವನ್ನು ಸೊಸೆಯ ಕೈಗೆ ಕಟ್ಟಿ ಕಳುಹಿಸಿದ್ದನ್ನು ನೋಡಿದ್ದೇನೆ. ನಿಮ್ಮ ವಾರ್ಡಿನ ಸಿಸ್ಟರ್ ಒಪ್ಪಿದರೆ ಅತ್ತೆಯವರಿಂದಲೇ ಅದನ್ನು ಮಾಡಿಸಿ. ಅವರ ಸಂಕಟಕ್ಕೂ ಒಂದು ದಾರಿಯಾಗುತ್ತದೆ. ಕಾಲುಂಗುರ ಬಿಗಿಯಾಗಿದ್ದರೆ ಹಿಂದಿನ ದಿನವೇ ಸೋಪಿನ ನೀರು ಹಚ್ಚಿ ಬಿಡಿಸಿಕೊಳ್ಳಿ, ಬೆಳಿಗ್ಗೆ ಒದ್ದಾಡಬೇಡಿ. ಉಗುರಿಗೆ ಬಣ್ಣ ಬೇಡ.

ಬೆಳಿಗ್ಗೆ ಬೆನ್ನ ಹಿಂದೆ ಕಟ್ಟುವ ಗೌನು, ತಲೆಗೆ ಟೋಪಿ. ಸ್ಟ್ರೆಚರ್ ಮೇಲೆ ಮಲಗಿಸಿ ಕರೆದೊಯ್ಯುವಾಗ ನಿಮಗೆ ಕಾಣುವುದು ಚಾವಣಿಯ ದೀಪಗಳು ಮಾತ್ರ. ಒಂದರ ಹಿಂದೊಂದು ಸರಿದುಹೋಗುವ ಆ ದೀಪಗಳನ್ನು ನೋಡುತ್ತಲೇ ಹೆಚ್ಚಿನವರಿಗೆ ಎದೆ ಹೊಡೆದುಕೊಳ್ಳಲು ಆರಂಭವಾಗುತ್ತದೆ. ಆಗ ಪಕ್ಕದಲ್ಲಿ ತಳ್ಳುತ್ತಿರುವವರೊಡನೆ ಮಾತನಾಡಿ, ಅವರು ಉತ್ತರಿಸುತ್ತಾರೆ. ಥಿಯೇಟರ್ ತಣ್ಣಗಿರುತ್ತದೆ. ನಡುಕ ಬಂದರೆ ಅದೆಲ್ಲವೂ ಭಯದಿಂದಲೇ ಎಂದುಕೊಳ್ಳದೆ ಇನ್ನೊಂದು ಹೊದಿಕೆ ಕೇಳಿ.

ನಿಮ್ಮ ಹೆಸರೇನು, ಯಾವ ಆಪರೇಷನ್, ಯಾವ ಔಷಧಿ ಆಗುವುದಿಲ್ಲ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಇವರಿಗೇ ಗೊತ್ತಿಲ್ಲವೇ ಎಂದು ಅನುಮಾನಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಸುರಕ್ಷತಾ ಪಟ್ಟಿಯೊಂದಿದೆ. ಅರಿವಳಿಕೆಗೆ, ಅಂದರೆ ಪ್ರಜ್ಞೆ ತಪ್ಪಿಸುವುದಕ್ಕೆ ಮುನ್ನ, ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಕಳುಹಿಸುವ ಮುನ್ನ, ಹೀಗೆ ಮೂರು ಸಲ ಎಲ್ಲರೂ ಕೈ ನಿಲ್ಲಿಸಿ ಅದನ್ನು ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ಬಟ್ಟೆ, ಸೂಜಿಗಳ ಎಣಿಕೆಯೂ ಅದರಲ್ಲಿ ಸೇರಿದೆ.

ಮೇಜು ನೀವು ಎಣಿಸಿದ್ದಕ್ಕಿಂತ ಕಿರಿದಾಗಿರುತ್ತದೆ. ಎದೆಗೆ ಅಂಟಿಸುವ ಬಿಲ್ಲೆಗಳು, ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಕೆಂಪು ಬೆಳಕಿನ ಕ್ಲಿಪ್. ಮಾಸ್ಕ್ ಇಟ್ಟಾಗ ಮೊದಲು ಬರುವುದು ಬರೀ ಆಮ್ಲಜನಕ. ಉಸಿರುಗಟ್ಟಿದಂತಾದರೆ ಕೈಯೆತ್ತಿ ಹೇಳಿ. ಸ್ವಲ್ಪ ದೂರ ಹಿಡಿಯುತ್ತಾರೆ. ಅನಂತರ ಕೈಯ ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ಕೊಳವೆಯಾದ ಕ್ಯಾನುಲಾದ ಮೂಲಕ ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಔಷಧಿ ಹೋಗುತ್ತದೆ. ಹೋಗುವಾಗ ತೋಳಿನಲ್ಲಿ ಕೆಲವು ಕ್ಷಣ ಉರಿಯಬಹುದು. ಅಲ್ಲಿಂದಾಚೆಗೆ ನಿಮಗೆ ತಿಳಿಯುವುದು, ಯಾರೋ ನಿಮ್ಮ ಹೆಸರು ಹಿಡಿದು ಕರೆಯುತ್ತಿರುವುದು. ಗಂಟಲು ಕೆರೆದಂತಿರುತ್ತದೆ, ಉಸಿರಾಟದ ಕೊಳವೆ ಇಟ್ಟು ತೆಗೆದದ್ದರಿಂದ. ವಾಕರಿಕೆ, ಚಳಿ ಬರಬಹುದು. ಅವೆರಡಕ್ಕೂ ಅಲ್ಲೇ ಉಪಾಯವಿದೆ.

ಅರಿವಳಿಕೆ ವೈದ್ಯ, ತುಮಕೂರು

ನಾನು ತುಮಕೂರಿನಲ್ಲಿ ಅರಿವಳಿಕೆ ತಜ್ಞನಾಗಿ ಕೆಲಸ ಮಾಡುತ್ತಿದ್ದೇನೆ. ಮೇಲಿನ ಸಿಸ್ಟರ್ ಬರೆದದ್ದಕ್ಕೆ ಸೇರಿಸಬೇಕಾದ ಒಂದು ಮುಖ್ಯ ವಿಷಯವಿದೆ. ಶಿಕ್ಷಕಿಯವರೇ, ನಿಮ್ಮ ದೊಡ್ಡಮ್ಮನವರ ಸಂಗತಿಯನ್ನು ನೀವು ಬರೀ ಭಯವೆಂದು ಭಾವಿಸಿ ಮುಚ್ಚಿಟ್ಟುಕೊಂಡಿದ್ದೀರಿ. ಅರಿವಳಿಕೆ ಪೂರ್ವ ತಪಾಸಣೆಯಲ್ಲಿ ನಾವು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು: ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತೇ? ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ ಬಲು ಅಪರೂಪದ, ವಂಶದಲ್ಲಿ ಹರಿದುಬರುವ ತೊಂದರೆಯಿದೆ. ಅದಿರುವವರಿಗೆ ಕೆಲವು ಅರಿವಳಿಕೆ ಅನಿಲಗಳಿಂದ ಮತ್ತು ಸಕ್ಸಿನೈಲ್‌ಕೋಲೀನ್ ಎಂಬ ಔಷಧಿಯಿಂದ ಮೈ ವಿಪರೀತ ಕಾದು ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಮೊದಲೇ ಸುಳಿವು ಸಿಕ್ಕರೆ ಅವನ್ನು ಬಿಟ್ಟು ಬೇರೆ ಔಷಧಿಗಳಿಂದ ಸುರಕ್ಷಿತವಾಗಿ ಅರಿವಳಿಕೆ ಕೊಡಬಹುದು. ನಿಮ್ಮ ದೊಡ್ಡಮ್ಮನವರಿಗೆ ಆದದ್ದು ಅದೇ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ತಾಯಿಯ ಕಡೆಯ ಹಿರಿಯರು ಯಾರಾದರೂ ಇದ್ದರೆ ಇಂದೇ ಕೇಳಿ: ಏನು ಆಪರೇಷನ್, ಪ್ರಜ್ಞೆ ಬಂದಿತ್ತೇ, ತೀರಿಕೊಂಡದ್ದು ಎಷ್ಟು ದಿನಕ್ಕೆ? ಸಿಕ್ಕ ಉತ್ತರವನ್ನು ನಿಮ್ಮ ಅರಿವಳಿಕೆ ವೈದ್ಯರ ಮುಂದಿಡಿ.

ಹಾಗೆಯೇ ಭಯವನ್ನೂ ಹೇಳಿ. ಹೇಳಿಕೊಂಡವರನ್ನು ನಾವು ಅಳುಬುರುಕರೆಂದು ಎಣಿಸುವುದಿಲ್ಲ. ಹಿಂದಿನ ರಾತ್ರಿಗೆ ಮಾತ್ರೆ ಬೇಕೇ, ಮೇಜಿನ ಮೇಲೆ ಮಾಸ್ಕ್‌ಗೆ ಮುನ್ನ ಮನಸ್ಸು ಶಾಂತವಾಗಿಸುವ ಚುಚ್ಚುಮದ್ದು ಕೊಡಬೇಕೇ ಎಂದು ನಿರ್ಧರಿಸಲು ನಮಗೆ ಅದು ತಿಳಿದಿರಬೇಕು.

ಇನ್ನು ಎಚ್ಚರವಾಗದಿರುವ ಪ್ರಶ್ನೆ. ಅರಿವಳಿಕೆ ಎಂದರೆ ಒಮ್ಮೆ ಚುಚ್ಚಿ ಬಿಟ್ಟುಬಿಡುವ ಔಷಧಿಯಲ್ಲ. ಆಪರೇಷನ್ ನಡೆಯುವಷ್ಟು ಹೊತ್ತೂ ಅನಿಲದ ಮೂಲಕವೋ ರಕ್ತನಾಳದ ಮೂಲಕವೋ ಅದನ್ನು ಹನಿಹನಿಯಾಗಿ ಕೊಡುತ್ತಲೇ ಇರುತ್ತೇವೆ. ನಿಲ್ಲಿಸಿದ ಮೇಲೆ ಅದು ಮೈಯಿಂದ ಹೊರಹೋಗಿ ನೀವು ಏಳುತ್ತೀರಿ. ಅಷ್ಟು ಹೊತ್ತೂ ಅರಿವಳಿಕೆ ವೈದ್ಯರು ನಿಮ್ಮ ತಲೆಯ ಬಳಿಯೇ ಇರುತ್ತಾರೆ. ಆ ಬೆರಳಿನ ಕ್ಲಿಪ್ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುತ್ತದೆ. ಜಪಾನಿನ ತಕುವೊ ಅವೊಯಾಗಿ ಅದರ ತತ್ತ್ವವನ್ನು ಮಂಡಿಸಿದ್ದು 1974ರಲ್ಲಿ. ಇಂದು ಅದಿಲ್ಲದೆ ನಾವು ಯಾರಿಗೂ ಅರಿವಳಿಕೆ ಕೊಡುವುದಿಲ್ಲ. ಆಮ್ಲಜನಕ ಇಳಿದರೆ ಅದರ ಬೀಪ್ ಸದ್ದಿನ ಸ್ವರವೇ ತಗ್ಗುತ್ತದೆ. ಪರದೆಯತ್ತ ನೋಡದಿದ್ದರೂ ನಮ್ಮ ಕಿವಿಗೆ ಅದು ತಿಳಿಯುತ್ತದೆ. ನಿಮ್ಮ ದೊಡ್ಡಮ್ಮನವರ ಕಾಲದಲ್ಲಿ ಎಷ್ಟೋ ಸಣ್ಣ ಆಸ್ಪತ್ರೆಗಳಲ್ಲಿ ಅದು ಇರಲಿಲ್ಲ.

ನಡುವೆ ಎಚ್ಚರವಾಗುವುದು ಸುಳ್ಳಲ್ಲ, ಆದರೆ ಅಪರೂಪ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸುಮಾರು 19,000 ಅರಿವಳಿಕೆಗಳಿಗೆ ಒಂದರಂತೆ ರೋಗಿಗಳು ಹಾಗೆಂದು ವರದಿ ಮಾಡಿದ್ದು ಕಂಡುಬಂದಿತ್ತು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಈ ಹನ್ನೆರಡು ದಿನಗಳಲ್ಲಿ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ಗಂಟೆಗಟ್ಟಲೆ ಬಿಡದಿದ್ದರೆ ದಿನಾಂಕಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಹುಳುಮನೆ, ಚಿಂತಾಮಣಿ

ಅಕ್ಕ, ನಾನೂ ರೇಷ್ಮೆ ಬೆಳೆಗಾರ. ಕಳೆದ ವರ್ಷ ನನಗೂ ಇದೇ ಆಪರೇಷನ್ ಆಯಿತು. ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಬೆಳಗಿನ ಜಾವ ಐದು ಗಂಟೆಗೆ ತಲೆ ಸಿಡಿಯುತ್ತಿದ್ದುದರಿಂದ ಅರ್ಧ ಲೋಟ ಕಾಫಿ ಕುಡಿದೆ. ನೀರು ಕುಡಿಯಬಹುದೆಂದ ಮೇಲೆ ಕಾಫಿಯೂ ನೀರೇ ಎಂದುಕೊಂಡಿದ್ದೆ. ಥಿಯೇಟರ್ ಬಾಗಿಲಲ್ಲಿ ಕೇಳಿದಾಗ ನಿಜ ಹೇಳಿದೆ, ಆಪರೇಷನ್ ಮರುದಿನಕ್ಕೆ ಹೋಯಿತು. ಆಮೇಲೆ ವೈದ್ಯರು ವಿವರಿಸಿದರು: ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದಕ್ಕೇ ಊಟಕ್ಕೆ ಆರು ಗಂಟೆ, ಬರೀ ನೀರಿಗೆ ಎರಡು ಗಂಟೆ ಅಂತರ ಬೇಕು, ಹಾಲು ಬೆರೆತದ್ದೆಲ್ಲ ಊಟದ ಲೆಕ್ಕ. ಕಾರಣ ಮೊದಲೇ ತಿಳಿದಿದ್ದರೆ ನಾನು ಲೋಟ ಮುಟ್ಟುತ್ತಿರಲಿಲ್ಲ. ನಿಮ್ಮ ಆಸ್ಪತ್ರೆಯವರು ಹೇಳಿದ ಗಂಟೆಯನ್ನು ಕಾಗದದಲ್ಲಿ ಬರೆದು ತಲೆದೆಸೆಯಲ್ಲಿ ಇಟ್ಟುಕೊಳ್ಳಿ. ದಿನವೂ ನುಂಗುವ ಮಾತ್ರೆಗಳು, ನಾಟಿ ಔಷಧಿ, ಎಲೆಅಡಿಕೆ, ಹೊಗೆಸೊಪ್ಪು, ಯಾವುದನ್ನೂ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳಬೇಕು.

ಇನ್ನೊಂದು, ನನಗೆ ಯಾರೂ ಹೇಳದೆ ಇದ್ದದ್ದು. ಅಂದು ರಾತ್ರಿ ಬಲಭುಜ ವಿಪರೀತ ನೋಯತೊಡಗಿತು. ಆಪರೇಷನ್ ಹೊಟ್ಟೆಗೆ, ನೋವು ಭುಜಕ್ಕೆ. ಹೃದಯಕ್ಕೇ ಏನೋ ಆಗಿದೆಯೆಂದು ಕೈಕಾಲು ತಣ್ಣಗಾದವು. ಸಿಸ್ಟರ್ ಬಂದು ಪರೀಕ್ಷಿಸಿ ಕಾರಣ ಹೇಳಿದರು. ಹೊಟ್ಟೆಯೊಳಗೆ ಜಾಗ ಮಾಡಿಕೊಳ್ಳಲು ಇಂಗಾಲದ ಡೈಆಕ್ಸೈಡ್ ತುಂಬಿರುತ್ತಾರೆ, ಅದು ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರವಾದ ವಪೆಯನ್ನು ಕೆರಳಿಸುತ್ತದೆ, ವಪೆಯ ನರವೂ ಭುಜದ ನರವೂ ಕತ್ತಿನಲ್ಲಿ ಒಂದೇ ಕಡೆ ಸೇರುವುದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಎದ್ದು ವಾರ್ಡಿನಲ್ಲಿ ನಡೆದಾಡಿದ ಮೇಲೆ ತಗ್ಗಿತು, ಮೂರನೇ ದಿನಕ್ಕೆ ಹೋಯಿತು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಗಾಯಗಳು, ಒಂದು ಹೊಕ್ಕುಳ ಬಳಿ. ಪಿತ್ತ ತಯಾರಾಗುವುದು ಯಕೃತ್ತಿನಲ್ಲಿ, ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಆದ್ದರಿಂದ ಅದು ಹೋದರೂ ಈಗ ಮುದ್ದೆ, ಸೊಪ್ಪಿನಸಾರು ಎಂದಿನಂತೆ ಉಣ್ಣುತ್ತಿದ್ದೇನೆ.

ಹಿಂದಿನ ರಾತ್ರಿ ನನಗೆ ಒದಗಿದ್ದು ನಮ್ಮ ಕಸುಬಿನದೇ ಒಂದು ಯೋಚನೆ. ಜ್ವರಕ್ಕೆ ಕೂತ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗಾಡದೆ ಇರುತ್ತದೆ. ಆ ಹೊತ್ತಿನಲ್ಲಿ ಅದನ್ನು ಮುಟ್ಟಬೇಡಿ, ಸೊಪ್ಪು ಹಾಕಬೇಡಿ, ಗಾಳಿ ಬೆಳಕು ಹದವಾಗಿರಲಿ ಎಂದು ನಾವೇ ಮಕ್ಕಳಿಗೆ ಹೇಳುತ್ತೇವೆ. ಅದು ತನ್ನ ಪೊರೆ ಕಳಚುವವರೆಗೆ ಕಾವಲಿರುವುದು ನಮ್ಮ ಕೆಲಸ. ನಾಳೆ ಒಂದೆರಡು ಗಂಟೆ ನನ್ನನ್ನು ಹಾಗೆ ಕಾಯುವವರು ಬೇರೆಯವರು ಎಂದುಕೊಂಡಾಗ ಕಣ್ಣು ಮುಚ್ಚಿತು. ಭಾವನವರಿಗೆ ಒಂದು ಮಾತು: ನಾಲ್ಕನೇ ಜ್ವರದ ನಂತರದ ಐದನೇ ಹಂತದ ಸೊಪ್ಪಿನ ಕೆಲಸಕ್ಕೆ ನಾಲ್ಕು ದಿನ ಆಳುಗಳನ್ನಿಟ್ಟು ಅವರು ನಿಮ್ಮ ಜೊತೆಯಲ್ಲಿರಲಿ. ಈ ಭಯವನ್ನು ಅವರಿಗೂ ಹೇಳಿ.

ಶಿಡ್ಲಘಟ್ಟದ ಶಿಕ್ಷಕಿ

ಮೂವರಿಗೂ ಕೈಮುಗಿಯುತ್ತೇನೆ. ಡಾಕ್ಟರ್ ಅವರೇ, ನೀವು ಹೇಳಿದಂತೆ ಸೋದರಮಾವನಿಗೆ ಫೋನ್ ಮಾಡಿದೆ. ದೊಡ್ಡಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿತ್ತಂತೆ. ಸಂಜೆಯೇ ಎದ್ದು ಗಂಜಿ ಕುಡಿದು ಮಾವನೊಡನೆ ಮಾತನಾಡಿದ್ದರಂತೆ. ತೀರಿಕೊಂಡದ್ದು ಒಂಬತ್ತನೇ ದಿನ, ಗಾಯಕ್ಕೆ ಕೀವಾಗಿ ಜ್ವರ ಏರಿ. "ಏಳಲೇ ಇಲ್ಲ" ಎಂದು ಅಜ್ಜಿ ಹೇಳುತ್ತಿದ್ದದ್ದು ಹಾಸಿಗೆಯಿಂದ ಏಳಲಿಲ್ಲ ಎಂಬ ಅರ್ಥದಲ್ಲಿ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ನಾನು ಅದನ್ನು ಬೇರೆಯಾಗಿ ಕೇಳಿಸಿಕೊಂಡಿದ್ದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅಳುತ್ತಿದ್ದೆ, ದೊಡ್ಡಮ್ಮನಿಗಾಗಿ.

ನಿನ್ನೆ ತಪಾಸಣೆಯಲ್ಲಿ ಇದನ್ನೆಲ್ಲ ಹೇಳಿದೆ. ಅರಿವಳಿಕೆ ವೈದ್ಯರು ಬರೆದುಕೊಂಡು, ಗಾಯದ ಸೋಂಕು ತಡೆಯಲು ಆಪರೇಷನ್‌ಗೆ ಮೊದಲೇ ಆ್ಯಂಟಿಬಯಾಟಿಕ್ ಕೊಡುತ್ತೇವೆ ಎಂದರು. ಮಾಸ್ಕ್ ಬಗ್ಗೆ ಹೇಳಿದಾಗ ಅಲ್ಲೇ ಒಂದನ್ನು ನನ್ನ ಕೈಗೆ ಕೊಟ್ಟು, ನೀವೇ ಮುಖಕ್ಕೆ ಇಟ್ಟುಕೊಂಡು ನೋಡಿ ಎಂದರು. ಹಗುರವಾದ ಪ್ಲಾಸ್ಟಿಕ್ ಅದು, ಅಂಚು ಮೆತ್ತಗೆ. ಯಜಮಾನರಿಗೂ ಹೇಳಿದ್ದೇನೆ, ಅವರ ತಮ್ಮ ಹುಳುಮನೆ ನೋಡಿಕೊಳ್ಳುತ್ತಾರೆ. ಭಯ ಪೂರ್ತಿ ಹೋಗಿಲ್ಲ, ಆದರೆ ನಿನ್ನೆ ನಾಲ್ಕು ಗಂಟೆಯವರೆಗೆ ನಿದ್ದೆ ಬಂದಿತ್ತು.

ಸಿಸ್ಟರ್, ಒಂದು ಸಣ್ಣ ಪ್ರಶ್ನೆ ಉಳಿದಿದೆ. ಕನ್ನಡಕವಿಲ್ಲದಿದ್ದರೆ ನನಗೆ ಎದುರಿಗಿರುವವರ ಮುಖ ಕಾಣುವುದಿಲ್ಲ, ಮುಖ ಕಾಣದಿದ್ದರೆ ಗಾಬರಿ ಹೆಚ್ಚುತ್ತದೆ. ಅದನ್ನು ವಾರ್ಡಿನಲ್ಲೇ ಬಿಟ್ಟು ಹೋಗಬೇಕೇ?

ನಿವೃತ್ತ ಶುಶ್ರೂಷಕಿ, ಕೋಲಾರ

ಬಿಡಬೇಕಾಗಿಲ್ಲ. ಮೇಜಿನ ಮೇಲೆ ಮಲಗುವವರೆಗೂ ಹಾಕಿಕೊಂಡಿರುತ್ತೇನೆ ಎಂದು ಹಿಂದಿನ ಸಂಜೆಯೇ ವಾರ್ಡಿನ ಸಿಸ್ಟರ್‌ಗೆ ಹೇಳಿ, ಫೈಲಿನಲ್ಲಿ ಬರೆಸಿ. ಕನ್ನಡಕದ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಬರೆದ ಪಟ್ಟಿ ಅಂಟಿಸಿಕೊಂಡು ಹೋಗಿ. ಮಾಸ್ಕ್ ಇಡುವ ಮುನ್ನ ಥಿಯೇಟರ್ ಸಿಸ್ಟರ್ ತೆಗೆದಿಟ್ಟುಕೊಳ್ಳುತ್ತಾರೆ. ಎಚ್ಚರವಾದ ಕೂಡಲೇ ಹಾಕಿ ಎಂದು ಅವರಿಗೆ ಹೇಳಿಟ್ಟಿರಿ.