ಸ್ಕಿಡ್ ಪ್ಯಾನ್ ಮೇಲೆ ಕಾರ್ ಕಂಟ್ರೋಲ್ ಕಲಿಯಬೇಕು, ಉಡುಪಿ–ಮಂಗಳೂರಿನವರು ಎಲ್ಲಿಂದ ಶುರು ಮಾಡಬೇಕು?

ಕಾಪು_ಲೈಟ್‌ಹೌಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಿನಾ ಕಾಪುವಿನಿಂದ ಮಂಗಳೂರಿಗೆ ಕಾರಲ್ಲಿ ಕೆಲಸಕ್ಕೆ ಹೋಗಿ ಬರುವವನು. ಗಾಡಿ ಸಣ್ಣ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್. ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವುದು) ಉಂಟು, ಇಎಸ್‌ಪಿ (ಕಾರು ಜಾರಿದರೆ ತಾನೇ ಹಿಡಿತಕ್ಕೆ ತರಲು ನೋಡುವ ವ್ಯವಸ್ಥೆ) ಇಲ್ಲ. ಜೂನ್ ಬಂತೆಂದರೆ ಹೈವೇ 66 ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಳೆ ಒಂದು ಕಡೆ, ಮಲ್ಪೆಯಿಂದಲೋ ದಕ್ಕೆಯಿಂದಲೋ ಹೊರಟ ಮೀನಿನ ಲಾರಿ ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವ ನೀರು ಇನ್ನೊಂದು ಕಡೆ. ಮುಂದಿನ ಬಸ್ಸು ಗಕ್ಕನೆ ನಿಂತಾಗ ನನ್ನ ಕಾರು ಜಾರಿದರೆ ಕೈ ಏನು ಮಾಡಬೇಕು, ಕಾಲು ಏನು ಮಾಡಬೇಕು? ಡ್ರೈವಿಂಗ್ ಸ್ಕೂಲಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಅಲ್ಲಿ ಎಂಟು ಹಾಕುವುದು, ರಿವರ್ಸ್ ತೆಗೆಯುವುದು, ಅಷ್ಟೇ.

ವಿದೇಶದ ವಿಡಿಯೋಗಳಲ್ಲಿ ನುಣುಪಾದ ನೆಲಕ್ಕೆ ನೀರು ಬಿಟ್ಟು ಅದರ ಮೇಲೆ ಕಾರು ಜಾರಿಸಿ ಕಲಿಸುತ್ತಾರೆ, ಸ್ಕಿಡ್ ಪ್ಯಾನ್ ಅಂತ. ನಮ್ಮ ಕಡೆ ಅಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಫ್ರೆಂಡ್ಸ್ ಹೇಳುವುದೇನೆಂದರೆ ರಾತ್ರಿ ಬೀಚಿನ ಪಾರ್ಕಿಂಗ್ ಜಾಗಕ್ಕೆ ಹೋಗಿ ಹ್ಯಾಂಡ್‌ಬ್ರೇಕ್ ಎಳೆದು ನೋಡು, ಎರಡು ದಿನದಲ್ಲಿ ಬರುತ್ತದೆ ಅಂತ. ಇದು ಸರಿಯಾ? ಡ್ರಿಫ್ಟ್ ಕಲಿಯುವ ಆಸೆಯೂ ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲು ಮನೆಯವರನ್ನು ಕೂರಿಸಿಕೊಂಡು ಮಳೆಯಲ್ಲಿ ಹೋಗುವಾಗ ಧೈರ್ಯ ಬೇಕು.

ಕೊಟ್ಟಾರ_ಚೌಕಿ:

ಬೀಚಿನ ಪಾರ್ಕಿಂಗ್ ಖಂಡಿತ ಬೇಡ ಮಾರಾಯ್ರೆ. ಮೋಟಾರು ವಾಹನ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳ ಅಂದರೆ ಬರೀ ರಸ್ತೆಯಲ್ಲ, ಜನರಿಗೆ ಹೋಗಿ ಬರುವ ಹಕ್ಕಿರುವ ಯಾವ ಜಾಗವೂ ಆಗುತ್ತದೆ. ಅಪಾಯಕಾರಿ ಚಾಲನೆಯ 184ನೇ ಸೆಕ್ಷನ್ ಅಲ್ಲೂ ಬೀಳುತ್ತದೆ. ಕೇಸು ಹಾಗಿರಲಿ, ಕತ್ತಲೆಯಲ್ಲಿ ಗಾಳ ಹಿಡಿದು ಬಂದವರು, ಗಾಳಿಗೆ ಕೂತವರು ನಿಮಗೆ ಕಾಣುವುದೇ ಇಲ್ಲ.

ನಾನು ಕಾರ್ ಕಂಟ್ರೋಲ್ ಕಲಿತದ್ದು ಹೊರಗೆ ಹೋಗಿಯೇ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ರೇಸ್ ಟ್ರ್ಯಾಕ್ ಉಂಟು, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಉಂಟು. ಅಲ್ಲಿ ತರಬೇತಿ ಕೊಡುವವರನ್ನು ವಿಚಾರಿಸುವಾಗ ಸುಮ್ನೆ ರೇಸಿಂಗ್ ಕೋರ್ಸ್ ಅಂತ ಕೇಳಬೇಡಿ. ಒದ್ದೆ ನೆಲದಲ್ಲಿ ಕಾರ್ ಕಂಟ್ರೋಲ್ ಅಭ್ಯಾಸ ಮಾಡಿಸುತ್ತೀರಾ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂರುತ್ತಾರಾ, ಕಾರು ಯಾರದ್ದು, ಈ ಮೂರನ್ನು ಕೇಳಿ.

ನುಣುಪು ನೆಲವೇ ಯಾಕೆ ಬೇಕು ಅಂದರೆ, ಕಡಿಮೆ ಸ್ಪೀಡಲ್ಲೇ ಟಯರು ಕೈಬಿಡುತ್ತದೆ. ಒಣ ಡಾಂಬರಿನಲ್ಲಿ ಟಯರಿನ ಹಿಡಿತ (ಘರ್ಷಣೆಯ ಪ್ರಮಾಣ) ಸುಮಾರು 0.8 ಅಂತ ಲೆಕ್ಕ ಇಟ್ಟುಕೊಳ್ಳಿ, ನೀರು ಬಿಟ್ಟ ನುಣುಪು ನೆಲದಲ್ಲಿ 0.3. 15 ಮೀಟರ್ ತ್ರಿಜ್ಯದ ಸುತ್ತಿನಲ್ಲಿ ಒಣ ನೆಲವಾದರೆ ಗಂಟೆಗೆ 39 ಕಿ.ಮೀ. ವರೆಗೆ ಹೋಗಬಹುದು, ನುಣುಪು ನೆಲದಲ್ಲಿ 24 ದಾಟುವಾಗಲೇ ಜಾರುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಕಾಲಿಟ್ಟ ಹಾಗೆ, ಹೆಜ್ಜೆ ಸಣ್ಣದಾದರೂ ಜಾರುವುದು ಪೂರ್ತಿ. ಸ್ಪೀಡ್ ಕಡಿಮೆ ಇರುವುದರಿಂದ ಏನಾಗ್ತಿದೆ ಅಂತ ಗಮನಿಸಲು ಸಮಯ ಸಿಗುತ್ತದೆ.

ಮೊದಲು ಕಲಿಸುವುದು ಮುಂದಿನ ಚಕ್ರ ಜಾರುವುದನ್ನು. ಸುತ್ತು ಹೊಡೆಯುತ್ತಾ ನಿಧಾನಕ್ಕೆ ಆಕ್ಸಿಲರೇಟರ್ ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಸ್ಟಿಯರಿಂಗ್ ತಟಕ್ಕನೆ ಹಗುರವಾಗುತ್ತದೆ. ಕೈಯಲ್ಲಿ ಏನೂ ಇಲ್ಲದ ಹಾಗೆ. ತಿರುಗಿಸಿದಷ್ಟೂ ಕಾರು ನೇರಕ್ಕೇ ಹೋಗುತ್ತದೆ. ಆಗ ಎಲ್ಲರೂ ಇನ್ನೂ ತಿರುಗಿಸುತ್ತಾರೆ, ಅದರಿಂದ ಟಯರು ಇನ್ನಷ್ಟು ಉಜ್ಜುತ್ತದೆಯೇ ಹೊರತು ಹಿಡಿಯುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ಮೆಲ್ಲ ಸಡಿಲಿಸಿ, ಸ್ಟಿಯರಿಂಗ್ ಸ್ವಲ್ಪ ವಾಪಸ್ ಬಿಟ್ಟರೆ ಮುಂದಿನ ಟಯರು ಮತ್ತೆ ಕಚ್ಚುತ್ತದೆ. ಅದು ಕಚ್ಚಿದ ಕ್ಷಣ ಅಂಗೈಗೆ ಗೊತ್ತಾಗುತ್ತದೆ, ಸ್ಟಿಯರಿಂಗ್ ಮತ್ತೆ ಭಾರವಾಗುತ್ತದೆ.

ಆಮೇಲೆ ಹಿಂದಿನ ಚಕ್ರ. ಫ್ರಂಟ್ ವೀಲ್ ಡ್ರೈವ್ ಕಾರಲ್ಲಿ ಹಿಂಭಾಗ ಜಾರುವುದೇ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಪಕ್ಕನೆ ಬಿಟ್ಟುನೋಡಿ. ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂಭಾಗ ಹಗುರವಾಗಿ ಹೊರಗೆ ಓಡುತ್ತದೆ. ಕಾರು ಹೋಗಬೇಕಾದ ಕಡೆ ಕಣ್ಣು ಇಡಬೇಕು, ಸ್ಟಿಯರಿಂಗ್ ಆ ಕಡೆಗೇ ತಿರುಗಿಸಬೇಕು, ಬ್ರೇಕ್ ಒದೆಯಬಾರದು. ನನ್ನ ಇನ್‌ಸ್ಟ್ರಕ್ಟರ್ "ಕೋನ್ ನೋಡಬೇಡಿ, ಗೇಟ್ ನೋಡಿ" ಅಂತ ಪ್ರತಿ ಸುತ್ತಿಗೂ ಕೂಗುತ್ತಿದ್ದರು. ಗೇಟ್ ಅಂದರೆ ಎರಡು ಕೋನುಗಳ ನಡುವೆ ಹೋಗಬೇಕಾದ ಜಾಗ. ಕೋನ್ ನೋಡಿದವನ ಕೈ ಕೋನಿನ ಕಡೆಗೇ ಹೋಗುತ್ತದೆ, ಇದು ನಿಜ. ಇನ್ನೊಂದು ಮುಖ್ಯ ವಿಷಯ: ಕಾರು ನೇರವಾಗಲು ಶುರುವಾದ ಕೂಡಲೇ ಸ್ಟಿಯರಿಂಗ್ ವಾಪಸ್ ತರಬೇಕು. ತಡ ಮಾಡಿದರೆ ಹಿಂಭಾಗ ಇನ್ನೊಂದು ಕಡೆಗೆ ಬೀಸಿ ಹೊಡೆಯುತ್ತದೆ. ಈ ಎರಡನೇ ಜಾರಿಕೆ ಮೊದಲಿನದಕ್ಕಿಂತ ಜೋರು, ಕಾರು ಪೂರ್ತಿ ಸುತ್ತುವುದು ಹೆಚ್ಚಾಗಿ ಆಗಲೇ.

ಎಬಿಎಸ್ ಅಭ್ಯಾಸವನ್ನೂ ಬಿಡಬೇಡಿ. ಬ್ರೇಕ್ ಪೂರ್ತಿ ಒತ್ತಿದಾಗ ಪೆಡಲ್ ಕಾಲಿಗೆ ಕಟಕಟ ಬಡಿಯುತ್ತದೆ. ಗೊತ್ತಿಲ್ಲದವರು ಏನೋ ಮುರಿಯಿತು ಅಂತ ಕಾಲು ತೆಗೆಯುತ್ತಾರೆ. ತೆಗೆಯಬಾರದು, ಒತ್ತಿ ಹಿಡಿದುಕೊಂಡೇ ಪಕ್ಕಕ್ಕೆ ತಿರುಗಿಸಬಹುದು. ಎಬಿಎಸ್ ಇರುವುದೇ ಅದಕ್ಕೆ.

ಕಟಪಾಡಿ_ಟಯರ್:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಟಯರ್ ಬೋಳಾಗಿದ್ದರೆ ಯಾವ ವಿದ್ಯೆಯೂ ನಡೆಯುವುದಿಲ್ಲ. ಕಾರಿನ ಟಯರಿನ ಟ್ರೆಡ್ಡಿಗೆ, ಅಂದರೆ ಮೇಲ್ಮೈಯ ಗೀರುಗಳ ಆಳಕ್ಕೆ, ಕಾನೂನಿನ ಮಿತಿ 1.6 ಮಿ.ಮೀ. ಟ್ರೆಡ್ಡಿನ ಸಂದಿಯಲ್ಲಿ ಸಣ್ಣ ಉಬ್ಬು ಇರುತ್ತದೆ, ಟಯರ್ ಸವೆದು ಅದಕ್ಕೆ ಸಮವಾದರೆ ಟಯರ್ ಮುಗಿಯಿತು ಅಂತ ಅರ್ಥ. ನಮ್ಮ ಮಳೆಗೆ ಅಲ್ಲಿವರೆಗೆ ಕಾಯುವುದೂ ಬೇಡ, 3 ಮಿ.ಮೀ.ಗೆ ಬದಲಾಯಿಸಿ ಅಂತ ನಾನು ಹೇಳುತ್ತೇನೆ.

ಗಾಳಿ ಕಡಿಮೆ ಇದ್ದರೆ ನೀರಿನ ಮೇಲೆ ಬೇಗ ತೇಲುತ್ತದೆ. ವಿಮಾನದ ಟಯರಿಗೆ ನಾಸಾದವರು ಕಂಡುಹಿಡಿದ ಸೂತ್ರ ಉಂಟು, ಅದರ ಪ್ರಕಾರ 32 ಪಿಎಸ್‌ಐ ಇದ್ದರೆ ಸುಮಾರು 94 ಕಿ.ಮೀ. ಸ್ಪೀಡಲ್ಲಿ ಟಯರ್ ತೇಲುತ್ತದೆ, 24ಕ್ಕೆ ಇಳಿದರೆ 82ಕ್ಕೇ. ಬೋಳು ಟಯರಿಗೆ, ನಿಂತ ನೀರಿಗೆ ಇನ್ನೂ ಬೇಗ.

ಎರಡೇ ಹೊಸ ಟಯರ್ ಹಾಕುವುದಾದರೆ ಹಿಂದಕ್ಕೆ ಹಾಕಿಸಿ, ಫ್ರಂಟ್ ವೀಲ್ ಡ್ರೈವ್ ಆದರೂ. ಇದಕ್ಕೆ ದಿನಾ ವಾದ ಆಗುತ್ತದೆ, ಎಂಜಿನ್ ಎಳೆಯುವುದು ಮುಂದಿನ ಚಕ್ರ ಅಲ್ವಾ ಅಂತ. ಮುಂದೆ ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ಸಡಿಲಿಸಿದರೆ ಹಿಡಿತಕ್ಕೆ ಬರಬಹುದು. ಹಿಂದೆ ಜಾರಿದರೆ ಕಾರು ಸುತ್ತುತ್ತದೆ, ರಸ್ತೆ ಮೇಲೆ ಅದನ್ನು ಹಿಡಿಯುವ ಕೈ ಎಲ್ಲರಿಗೂ ಇರುವುದಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದು ಆಡುವುದು ಬಿಡಿ. ಕೇಬಲ್ ಎಳೆದುಹೋಗುತ್ತದೆ, ಒಣ ನೆಲದಲ್ಲಿ ಲಾಕ್ ಆದ ಟಯರು ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ, ಆಮೇಲೆ ಹೈವೇಯಲ್ಲಿ ಧಡಧಡ ಸದ್ದು. ಇನ್ಶೂರೆನ್ಸ್ ಪಾಲಿಸಿಯನ್ನೂ ಒಮ್ಮೆ ಓದಿ. ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇಲ್ಲ ಅಂತ ಅದರಲ್ಲೇ ಬರೆದಿರುತ್ತದೆ.

ಕಾಪು_ಲೈಟ್‌ಹೌಸ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟಯರ್ ಹಿಂದಕ್ಕೆ ಹಾಕಬೇಕು ಅಂತ ಇವತ್ತೇ ಗೊತ್ತಾದದ್ದು. ಹಾಗಾದರೆ ಡ್ರಿಫ್ಟ್? ಅಣ್ಣನ ಹತ್ರ ಇನೋವಾ ಕ್ರಿಸ್ಟಾ ಉಂಟು, ಅದು ರಿಯರ್ ವೀಲ್ ಡ್ರೈವ್ ಅಲ್ವಾ?

ಶಿರ್ವ_ಮಣ್ಣುರಸ್ತೆ:

ರಿಯರ್ ವೀಲ್ ಡ್ರೈವ್ ಹೌದು, ಆದರೆ ಆ ಎತ್ತರದ ಗಾಡಿಯಲ್ಲಿ ಬೇಡವೇ ಬೇಡ. ಜಾರುತ್ತಾ ಹೋಗಿ ಒಂದು ಕಲ್ಲಿಗೋ ಡಾಂಬರಿನ ಅಂಚಿಗೋ ಚಕ್ರ ತಾಗಿದರೆ ಮಗುಚುತ್ತದೆ. ಬೊಲೆರೊ, ಈಕೋ ಎಲ್ಲದಕ್ಕೂ ಇದೇ ಮಾತು.

ಡ್ರಿಫ್ಟ್ ಅಂದರೆ ಹಿಂದಿನ ಚಕ್ರ ಜಾರುತ್ತಿರುವಾಗಲೇ ಆಕ್ಸಿಲರೇಟರಿನಿಂದ ಆ ಜಾರಿಕೆಯನ್ನು ಬೇಕಾದಷ್ಟು ಹೊತ್ತು ಹಿಡಿದಿಡುವುದು. ನಿಮ್ಮ ಹ್ಯಾಚ್‌ಬ್ಯಾಕಿನಲ್ಲಿ ಎಂಜಿನ್ ಬಲ ಮುಂದಿನ ಚಕ್ರಕ್ಕೆ ಹೋಗುವುದರಿಂದ ಹಾಗೆ ಹಿಡಿದಿಡಲು ಆಗುವುದಿಲ್ಲ. ಆಕ್ಸಿಲರೇಟರ್ ಕೊಟ್ಟರೆ ಕಾರು ನೇರವಾಗುತ್ತದೆ. ಮಳೆಯಲ್ಲಿ ಅದೇ ನಿಮಗೆ ಅನುಕೂಲ. ಫ್ರಂಟ್ ವೀಲ್ ಕಾರಿನ ಮಜಾ ನೋಡಬೇಕಾದರೆ ಮಣ್ಣಿಗೆ ಬನ್ನಿ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಮಾನ್ಯತೆ ಇರುವ ಕ್ಲಬ್ಬುಗಳು ನಡೆಸುವ ಆಟೋಕ್ರಾಸ್‌ನಲ್ಲಿ, ಅಂದರೆ ಮಣ್ಣಿನ ಟ್ರ್ಯಾಕಿನ ಸಮಯದ ಸ್ಪರ್ಧೆಯಲ್ಲಿ, ಒಂದು ಸಲಕ್ಕೆ ಒಂದೇ ಕಾರು ಓಡುತ್ತದೆ, ಹೆಲ್ಮೆಟ್ ಕಡ್ಡಾಯ. ಸಡಿಲ ಮಣ್ಣಿನಲ್ಲಿ ಕಾರು ಹೇಗೆ ಹರಿಯುತ್ತದೆ ಅಂತ ಅಲ್ಲಿ ನಿಂತು ನೋಡಿದರೂ ಎಷ್ಟೋ ಕಲಿಯಬಹುದು. ರ‍್ಯಾಲಿ ನಮಗೆ ದೂರದ್ದೇನೂ ಅಲ್ಲ. ಡ್ರೈವರ್ ಗೌರವ್ ಗಿಲ್ ಜೊತೆ ಕೋ-ಡ್ರೈವರ್ (ಪಕ್ಕದಲ್ಲಿ ಕೂತು ದಾರಿ ಹೇಳುವವರು) ಆಗಿ ದೇಶದ ರ‍್ಯಾಲಿಗಳನ್ನು ಗೆದ್ದ ಮೂಸಾ ಶರೀಫ್ ಪಕ್ಕದ ಕಾಸರಗೋಡಿನ ಮೊಗ್ರಾಲಿನ ಕಡೆಯವರು.

ಮಣಿಪಾಲ_ಅಮ್ಮ:

ಉತ್ಸಾಹ ಕಡಿಮೆ ಮಾಡಲು ಹೇಳುವುದಲ್ಲ, ನನಗೂ ಈಗಷ್ಟೇ ಲೈಸೆನ್ಸ್ ಆದ ಮಗ ಇದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ. ನಾರ್ವೆಯಲ್ಲಿ ಹೊಸಬರಿಗೆ ಜಾರು ನೆಲದ ತರಬೇತಿ ಕೊಟ್ಟು ಆಮೇಲೆ ಅಧ್ಯಯನ ಮಾಡಿದರು. ಹುಡುಗರಲ್ಲಿ ಜಾರು ರಸ್ತೆಯ ಅಪಘಾತ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು. ನನಗೆ ಬರುತ್ತದೆ ಅಂತ ಸ್ಪೀಡ್ ಹೋದದ್ದೇ ಕಾರಣ ಅಂತ ವಿವರಿಸುತ್ತಾರೆ. ಸ್ವೀಡನ್ನಿನವರು ಆಮೇಲೆ ಪಾಠವನ್ನೇ ಬದಲಾಯಿಸಿದರು. ಜಾರಿದ ಕಾರನ್ನು ಹಿಡಿಯುವ ಕೈಚಳಕಕ್ಕಿಂತ, ಎಷ್ಟು ಬೇಗ ಕೈಮೀರುತ್ತದೆ ಅಂತ ಅನುಭವಕ್ಕೆ ತರುವುದೇ ಅಲ್ಲಿ ಮುಖ್ಯವಾಯಿತು.

ಹಾಗಾಗಿ ಸ್ಕಿಡ್ ಪ್ಯಾನಿಗೆ ಹೋದರೆ ಒಂದು ಕೆಲಸ ಕೇಳಿ ಮಾಡಿಸಿಕೊಳ್ಳಿ: ಬೇರೆ ಬೇರೆ ಸ್ಪೀಡಲ್ಲಿ ಬ್ರೇಕ್ ಹಾಕಿ ನಿಂತ ಜಾಗಕ್ಕೆ ಒಂದೊಂದು ಕೋನ್ ಇಡಿಸಿ. ಒದ್ದೆ ರಸ್ತೆಯ ಹಿಡಿತ 0.4 ಅಂತ ಲೆಕ್ಕ ಹಾಕಿದರೆ 40ರಲ್ಲಿ ಬ್ರೇಕ್ ಹಾಕಿದ ಕಾರು 16 ಮೀಟರಿನಲ್ಲಿ ನಿಲ್ಲುತ್ತದೆ, 60ರಲ್ಲಿ 35 ಮೀಟರ್ ಬೇಕು. ನುಣುಪು ನೆಲದಲ್ಲಿ ಇನ್ನೂ ಉದ್ದ. ನನ್ನ ಮಗ ಎಷ್ಟು ಹೇಳಿದರೂ ಕೇಳದವನು, ಆ ಕೋನುಗಳ ನಡುವೆ ನಡೆದು ನೋಡಿದ ಮೇಲೆ ಮಳೆಯಲ್ಲಿ ಬಸ್ಸಿನ ಹಿಂದೆ ಅಂತರ ಬಿಟ್ಟು ಓಡಿಸುತ್ತಾನೆ.

ಕೊಟ್ಟಾರ_ಚೌಕಿ:

ಅಮ್ಮ ಹೇಳಿದ್ದು ನೂರಕ್ಕೆ ನೂರು ನಿಜ, ನಮಗೂ ಮಧ್ಯಾಹ್ನದ ಮೇಲೆ ಬರೀ ಬ್ರೇಕ್ ಅಭ್ಯಾಸವೇ ಇತ್ತು.

ಕಾಪುವಿನವರೇ, ಹೋಗುವ ದಿನ ಚಪ್ಪಲಿ ಬೇಡ, ತೆಳು ಅಡಿಯ ಶೂ ಹಾಕಿ. ನಿಮ್ಮದೇ ಕಾರಾದರೆ ಡಿಕ್ಕಿಯಲ್ಲಿ ಇರುವುದೆಲ್ಲ ಖಾಲಿ ಮಾಡಿ, ಡ್ಯಾಶ್‌ಬೋರ್ಡಿನ ದೇವರ ಮೂರ್ತಿಯನ್ನೂ ತೆಗೆದಿಡಿ, ಕಾರು ಸುತ್ತುವಾಗ ಸಡಿಲ ಇರುವುದೆಲ್ಲ ಹಾರುತ್ತದೆ. ಸೀಟು ಮುಂದಕ್ಕೆ ಎಳೆದುಕೊಳ್ಳಿ, ಬೆನ್ನು ಸೀಟಿಗೆ ತಾಗಿರುವಾಗ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ಸಿಗಬೇಕು. ಕಾರನ್ನು ಹಿಡಿಯಲು ಬೇಗ ಬೇಗ ತಿರುಗಿಸಬೇಕಾಗುತ್ತದೆ, ದೂರ ಕೂತರೆ ಕೈ ಎಟುಕುವುದಿಲ್ಲ.