ಡಿಸ್ನಿ ವರ್ಲ್ಡ್ ರಾತ್ರಿ ಊಟ: ಮೂರೂವರೆ ವರ್ಷದ ಮಗಳಿಗೆ ಹೂಪ್-ಡೀ-ಡೂ ಸರಿಯೋ, ಶೆಫ್ ಮಿಕ್ಕೀಸ್ ಸರಿಯೋ?

ಶರಾವತಿ_ಅಟ್ಲಾಂಟಾ:
ಡಿಸೆಂಬರ್ ಮೊದಲ ವಾರ ಆರ್ಲ್ಯಾಂಡೋಗೆ ಹೊರಟಿದ್ದೇವೆ. ನಾವಿಬ್ಬರು, ಮಗಳು, ಶಿವಮೊಗ್ಗದಿಂದ ಬರೋ ಅತ್ತೆ-ಮಾವ, ಒಟ್ಟು ಐದು ಜನ. ಒಂದು ರಾತ್ರಿ ಶೋ ಇರೋ ಊಟ (ಹೂಪ್-ಡೀ-ಡೂ), ಇಲ್ಲಾ ಮಿಕ್ಕಿ ಟೇಬಲ್ ಹತ್ತಿರ ಬರೋ ಊಟ (ಶೆಫ್ ಮಿಕ್ಕೀಸ್), ಎರಡರಲ್ಲಿ ಒಂದು ಬುಕ್ ಮಾಡಬೇಕು. ಮಗಳಿಗೆ ಮಿಕ್ಕಿ ಅಂದ್ರೆ ಪ್ರಾಣ, ಆದರೆ ದೊಡ್ಡ ತಲೆಯ ವೇಷ ಹಾಕಿದವರು ಹತ್ತಿರ ಬಂದ್ರೆ ಅಳು. ಅತ್ತೆ-ಮಾವ ಮೊಟ್ಟೆನೂ ತಿನ್ನಲ್ಲ. ಯಾವುದು ಒಳ್ಳೇದು? ಎಷ್ಟು ಗಂಟೆಯದು ತಗೋಬೇಕು?

ಕೋಡುಬಳೆ:
ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ: ಹೂಪ್-ಡೀ-ಡೂನಲ್ಲಿ ಮಿಕ್ಕಿ ಬರಲ್ಲ. 1974ರಿಂದ ಡಿಸ್ನಿಯ ಕ್ಯಾಂಪಿಂಗ್ ರೆಸಾರ್ಟ್ ಫೋರ್ಟ್ ವೈಲ್ಡರ್‌ನೆಸ್‌ನ ಪಯನಿಯರ್ ಹಾಲ್‌ನಲ್ಲಿ ನಡೀತಿರೋ ಹಾಡು-ಕುಣಿತ-ನಗೆಯ ಶೋ ಅದು. ವೇದಿಕೆ ಮೇಲಿರೋರು ಮುಖವಾಡ ಇಲ್ಲದ ಮನುಷ್ಯರು. ಹಾಗಾಗಿ ವೇಷದ ಭಯ ಇಲ್ಲ, ಗದ್ದಲದ ಭಯ ಇದೆ. ಸುಮಾರು ಎರಡು ಗಂಟೆ ಬ್ಯಾಂಜೋ, ಪಿಯಾನೋ, ಕಾಲು ಕುಟ್ಟೋದು, ಇಡೀ ಹಾಲ್ ನ್ಯಾಪ್ಕಿನ್ ಬೀಸೋದು. ಜೋಕುಗಳೆಲ್ಲ ಇಂಗ್ಲಿಷ್ ಮಾತಿನ ಮೇಲೇ ನಿಂತಿರೋದರಿಂದ ಹಿರಿಯರಿಗೆ ಅರ್ಧ ಹೋಗುತ್ತೆ.

ಮಗು ಕೇಳ್ತಿರೋದು ಮಿಕ್ಕಿಯನ್ನಾದ್ರೆ ಶೆಫ್ ಮಿಕ್ಕೀಸ್ ತಗೊಳ್ಳಿ. ಕಾಂಟೆಂಪರರಿ ಹೋಟೆಲ್‌ನ ನಾಲ್ಕನೇ ಮಹಡಿ, ಬಫೆ. ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೋ ಟೇಬಲ್‌ನಿಂದ ಟೇಬಲ್‌ಗೆ ಬರ್ತಾರೆ. ಪಾರ್ಕ್ ಟಿಕೆಟ್ ಬೇಡ. ಮುಖ್ಯವಾಗಿ, ಮಗು ಹಟ ಹಿಡಿದ್ರೆ ಎದ್ದು ಹೊರಗೆ ಒಂದು ಸುತ್ತು ಹೋಗಿಬರಬಹುದು, ತಲೆ ಮೇಲೆ ಓಡೋ ಮೊನೊರೈಲ್ ತೋರಿಸಿದ್ರೆ ಸಾಕು. ಶೋನಲ್ಲಿ ಎದ್ದು ಹೋದ್ರೆ ಆ ಹಾಡು, ಆ ತಟ್ಟೆ ಎರಡೂ ಹೋದ ಹಾಗೆ.

ಸಮಯ 5ರಿಂದ 5:30. ಏಳರ ಮೇಲಿನ ಟೇಬಲ್ ಈ ವಯಸ್ಸಿಗೆ ಬೇಡವೇ ಬೇಡ. ಅಟ್ಲಾಂಟಾ ಮಗುವಿಗೆ ಸಮಯದ ವ್ಯತ್ಯಾಸ ಇಲ್ಲ ನಿಜ, ಆದರೆ ಅತ್ತೆ-ಮಾವ ಹೊಸದಾಗಿ ಬಂದಿದ್ರೆ ಇಲ್ಲಿಯ ಸಂಜೆ 7 ಅಂದ್ರೆ ಅವರ ಮೈಗೆ ಬೆಳಗಿನ ಜಾವ 5:30.

ಬಣ್ಣದ_ಮನೆ:
ವೇಷದ ಭಯದ ಬಗ್ಗೆ. ಈ ವಯಸ್ಸಲ್ಲಿ ಹೆಚ್ಚಿನ ಮಕ್ಕಳಿಗೆ ಇದು ಇರುತ್ತೆ. ಟಿವಿಯಲ್ಲಿ ಅಂಗೈಯಷ್ಟಿದ್ದ ಮಿಕ್ಕಿ ಅಪ್ಪನಷ್ಟು ಎತ್ತರ ಇರ್ತಾನೆ, ಜೊತೆಗೆ ಮಾತಾಡಲ್ಲ, ಕಣ್ಣು ಮಿಟುಕಿಸಲ್ಲ. ಗೊತ್ತಿರೋ ಮುಖ ಉತ್ತರ ಕೊಡದಿದ್ರೆ ದೊಡ್ಡವರಿಗೂ ಕಸಿವಿಸಿ ಆಗುತ್ತೆ ಅಲ್ವಾ?

ಹೋಗೋ ಮುಂಚಿನ ವಾರ ಶೆಫ್ ಮಿಕ್ಕೀಸ್‌ನ ಟೇಬಲ್ ಭೇಟಿಯ ವಿಡಿಯೋಗಳನ್ನು ತೋರಿಸಿ. ಕಾರ್ಟೂನ್ ಅಲ್ಲ, ವೇಷದವರು ಪಕ್ಕದಲ್ಲಿ ಜನ ನಿಂತಿರೋದು, ಎತ್ತರದ ಅಂದಾಜು ಸಿಗಬೇಕು. ಕೂರುವಾಗ ಮಗಳನ್ನು ಗೋಡೆ ಕಡೆಗೆ ಅಥವಾ ಇಬ್ಬರು ದೊಡ್ಡವರ ನಡುವೆ ಕೂರಿಸಿ. ಭಯ ಇಲ್ಲದ ಮಕ್ಕಳಿಗೆ ಓಡಾಟದ ಬದಿ ಒಳ್ಳೇದು, ಇವಳಿಗೆ ತದ್ವಿರುದ್ಧ. ಮೊದಲ ವೇಷ ಇನ್ನೂ ಎರಡು ಟೇಬಲ್ ಆಚೆ ಇರುವಾಗಲೇ ‘ನೋಡು, ಗೂಫಿ ಆ ಮಗುಗೆ ಕೈ ಕೊಡ್ತಿದಾನೆ’ ಅಂತ ತೋರಿಸಿ. ಬಂದಾಗ ನೀವು ಮೊದಲು ಕೈ ಕೊಡಿ, ಆಮೇಲೆ ಅಜ್ಜ, ಆಮೇಲೆ ಅವಳ ಕೈಗೆ ಹಸ್ತಾಕ್ಷರದ ಪುಸ್ತಕ. ಪುಸ್ತಕ ಇಬ್ಬರ ನಡುವೆ ಒಂದು ಅಂತರ ಉಳಿಸುತ್ತೆ, ಅವಳಿಗೂ ಒಂದು ಕೆಲಸ ಸಿಗುತ್ತೆ. ಪೆನ್ನು ದಪ್ಪ ಇರಲಿ: ಕೈಗವಸಿನ ಬೆರಳಿಗೆ ಸಣ್ಣ ಬಾಲ್ ಪೆನ್ ಹಿಡಿತ ಸಿಗಲ್ಲ.

ಅತ್ತರೆ ತಲೆ ಅಲ್ಲಾಡಿಸಿ ಅಥವಾ ಅಂಗೈ ಎತ್ತಿ ತೋರಿಸಿ, ವೇಷದವರು ಅಲ್ಲೇ ನಿಂತು ದೂರದಿಂದ ಕೈ ಬೀಸಿ ಹೋಗ್ತಾರೆ. ಅವರಿಗೆ ಇದು ದಿನನಿತ್ಯದ ಕೆಲಸ. ಕೆಡೋದು ಸಾಮಾನ್ಯವಾಗಿ ನಮ್ಮವರ ಕೈಯಲ್ಲೇ: ಫೋಟೋಗೆ ಅಂತ ಮಗುವನ್ನು ಎತ್ತಿ ವೇಷದ ತೋಳಿಗೆ ಕೊಡೋದು. ಹಾಗೆ ಮಾಡಿದ್ರೆ ಮಿಕ್ಕ ನಾಲ್ವರು ಬರುವಾಗಲೂ ಟೇಬಲ್ ಕೆಳಗೇ ಇರ್ತಾಳೆ. ತಾತನಿಗೆ ಮೊದಲೇ ಹೇಳಿಡಿ :)

ಇನ್ನೊಂದು, ತಲೆಯೊಳಗಿಂದ ಅವರಿಗೆ ಕೆಳಗಡೆ ಸರಿಯಾಗಿ ಕಾಣಲ್ಲ. ಮಗು ಹಿಂದಿನಿಂದ ಹೋಗಿ ಬಾಲ ಎಳೆಯೋದು ಬೇಡ, ಎದುರಿನಿಂದಲೇ ಹೋಗಲಿ.

ಶರಾವತಿ_ಅಟ್ಲಾಂಟಾ:
ಬಫೆಗೆ ತಟ್ಟೆ ಹಿಡಿದು ಹೋಗಿದ್ದಾಗ ಮಿಕ್ಕಿ ಬಂದು ಹೋದ್ರೆ?

ಕೋಡುಬಳೆ:
ಸರದಿ ಪ್ರಕಾರ ಮತ್ತೆ ಬರ್ತಾರೆ, ಆದರೆ ಸುತ್ತು ಮುಗಿಯೋಕೆ ಹೊತ್ತು ಹಿಡಿಯುತ್ತೆ. ಕೂತ ತಕ್ಷಣ ‘ಸುತ್ತು ಈಗ ಎಲ್ಲಿದೆ’ ಅಂತ ಸರ್ವರ್‌ನ ಕೇಳಿ. ದೊಡ್ಡವರು ಒಬ್ಬೊಬ್ಬರಾಗಿ ಹೋಗಿ, ಮಗುವಿನ ತಟ್ಟೆ ಮೊದಲು ತನ್ನಿ. ಒಬ್ಬರನ್ನು ತಪ್ಪಿಸಿಕೊಂಡ್ರೆ ಬಿಲ್ ತರಿಸೋ ಮೊದಲೇ ಹೇಳಿ. ಸ್ಟ್ರೋಲರ್ (ಮಗುವಿನ ತಳ್ಳುಗಾಡಿ) ಒಳಗೆ ಬಿಡಲ್ಲ, ಹೊರಗೆ ನಿಲ್ಲಿಸಬೇಕು, ಪುಸ್ತಕ ಪೆನ್ನು ಅದರಲ್ಲೇ ಉಳಿದುಹೋಗದ ಹಾಗೆ ನೋಡ್ಕೊಳ್ಳಿ.

ಸಾರು_ಅನ್ನ:
ಅತ್ತೆ-ಮಾವನ ಊಟಕ್ಕೆ: ಬುಕ್ ಮಾಡುವಾಗಲೇ ಆಹಾರದ ಅಗತ್ಯದ ಜಾಗದಲ್ಲಿ ಬರೆಯಿರಿ, ಕೂತ ಮೇಲೆ ಮತ್ತೆ ಹೇಳಿ. ‘ವೆಜಿಟೇರಿಯನ್’ ಅಂದ್ರೆ ಅಲ್ಲಿ ಮೊಟ್ಟೆ ಸೇರುತ್ತೆ. ‘ಮೊಟ್ಟೆ ಬೇಡ, ಮಾಂಸದ ಸ್ಟಾಕ್ ಬೇಡ, ಜೆಲಟಿನ್ ಬೇಡ, ಹಾಲು ಬೆಣ್ಣೆ ಆಗುತ್ತೆ’ ಅಂತ ಬಿಡಿಸಿ ಹೇಳಬೇಕು. ‘ವೀಗನ್’ ಅಂದುಬಿಟ್ರೆ ಮೊಟ್ಟೆ ತಪ್ಪುತ್ತೆ, ಜೊತೆಗೆ ಮೊಸರು ಚೀಸೂ ಹೋಗುತ್ತೆ. ಬಫೆಯಲ್ಲಿ ಮಾಂಸದ ಸೌಟು ಪಕ್ಕದ ಪಾತ್ರೆಗೆ ಬೀಳೋದು ಇದ್ದಿದ್ದೇ, ಅವರಿಗೆ ಅದು ಆಗಲ್ಲ ಅಂದ್ರೆ ಅಡುಗೆಮನೆಯಿಂದ ಬೇರೆ ತಟ್ಟೆ ಕೇಳಿ. ಕಾಯಬೇಕಾಗುತ್ತೆ. ಪಾಸ್ತಾ, ಕೇಕು ಮೊಟ್ಟೆ ಇಲ್ಲದ್ದು ಹೌದಾ ಕೇಳದೆ ಮುಟ್ಟೋದು ಬೇಡ. ಮಗುಗೆ ಮೊಸರನ್ನ ಡಬ್ಬಿಯಲ್ಲಿ ಒಯ್ದರೆ ಅದನ್ನ ಬಿಸಿ ಮಾಡಿಕೊಡಲ್ಲ.

ಹಿರಿಯರ ನಾಲಗೆಯೇ ಮುಖ್ಯ ಅಂದ್ರೆ ಡಿಸ್ನಿಯ ಅನಿಮಲ್ ಕಿಂಗ್‌ಡಮ್ ಪಾರ್ಕ್‌ನ ಒಳಗಿರೋ ಟಸ್ಕರ್ ಹೌಸ್ ನೋಡಿ. ಡೊನಾಲ್ಡ್ ತಂಡ ಅಲ್ಲೂ ಬರುತ್ತೆ, ಮಸಾಲೆ ಇರೋ ಅಡುಗೆ. ಆದರೆ ಅದಕ್ಕೆ ಪಾರ್ಕ್ ಟಿಕೆಟ್ ಬೇಕೇ ಬೇಕು.

ಹಳೇ_ಓರ್ಲ್ಯಾಂಡೋ:
ಹೂಪ್-ಡೀ-ಡೂ ಪರವಾಗಿ ಎರಡು ಮಾತು, ಮಗು ಐದಾರು ವರ್ಷದ್ದಾದಾಗ ಬೇಕಾಗುತ್ತೆ. 4, 6:15, 8:30ರ ಶೋಗಳಲ್ಲಿ ಮಕ್ಕಳಿಗೆ 4ರದ್ದೇ. ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು, ಅದರಲ್ಲಿ ತೆರಿಗೆ, ಟಿಪ್ ಸೇರಿರುತ್ತೆ. ಸೀಟು ಮೂರು ದರ್ಜೆ: ಒಂದನೇದು ವೇದಿಕೆ ಎದುರಿನದು, ಸದ್ದಿಗೆ ಬೆಚ್ಚೋ ಮಗುಗೆ ಎರಡನೇದು ಸಾಕು. ಕರಿದ ಕೋಳಿ, ಹಂದಿ ರಿಬ್ಸ್ ಅಲ್ಲಿಯ ಹೆಸರುವಾಸಿ ತಿಂಡಿ, ಸಸ್ಯಾಹಾರ ಕೇಳಿದ್ರಷ್ಟೇ. ಕಾರು ಪಯನಿಯರ್ ಹಾಲ್‌ವರೆಗೆ ಹೋಗಲ್ಲ. ಮುಂಬಾಗಿಲ ಪಾರ್ಕಿಂಗ್‌ನಲ್ಲಿ ಬಿಟ್ಟು ಒಳಗಿನ ಬಸ್ ಹಿಡೀಬೇಕು. ಒಂದು ಗಂಟೆ ಮುಂಚೆ ಹೊರಡದೇ ಇದ್ರೆ ಮೊದಲ ಹಾಡು ತಪ್ಪುತ್ತೆ. ಮ್ಯಾಜಿಕ್ ಕಿಂಗ್‌ಡಮ್ ಕಡೆಯಿಂದ ಬರೋದಾದ್ರೆ ದೋಣಿ ವಾಸಿ.

ಶೆಫ್ ಮಿಕ್ಕೀಸ್ ಬುಕಿಂಗ್ 60 ದಿನ ಮುಂಚೆ ಬೆಳಿಗ್ಗೆ ತೆರೆಯುತ್ತೆ. ಡಿಸ್ನಿ ಹೋಟೆಲ್‌ನಲ್ಲಿ ಉಳಿಯೋರು ಬಂದಿಳಿಯೋ ದಿನದಿಂದ ಲೆಕ್ಕ ಹಾಕಿ ಹತ್ತು ದಿನದ್ದನ್ನು ಒಟ್ಟಿಗೇ ಮಾಡಬಹುದು, ಅದಕ್ಕೇ 5ರ ಸ್ಲಾಟ್ ಬೇಗ ಖಾಲಿ. ಸಿಗದಿದ್ರೆ ಹೋಗೋ ಹಿಂದಿನ ಎರಡು ದಿನ ಆ್ಯಪ್ ನೋಡ್ತಾ ಇರಿ, ರದ್ದಾದ ಟೇಬಲ್‌ಗಳು ಆಗಲೇ ಉದುರೋದು. ಐವರಿಗೆ ಒಂದೇ ಟೇಬಲ್ ಹುಡುಕಿ. ಮೂರು-ಎರಡು ಅಂತ ಒಡೆದು ಮಾಡಿದ್ರೆ ಪಕ್ಕಪಕ್ಕ ಕೊಡ್ತಾರೆ ಅನ್ನೋ ಖಾತ್ರಿ ಇಲ್ಲ. ಮಗಳಿಗೆ 3ರಿಂದ 9ರ ದರ ಬೀಳುತ್ತೆ. ಅಲ್ಲಿ ಟಿಪ್ ಬೇರೆ ಕೊಡಬೇಕು. ಆರು ಅಥವಾ ಹೆಚ್ಚು ಜನ ಇದ್ರೆ ಮಾತ್ರ ತಾನಾಗೇ ಬಿಲ್‌ಗೆ ಸೇರುತ್ತೆ, ನಿಮ್ಮದು ಐದು.